ಏಳು ಶಾಲೆ, ಒಂದು ಪಂಕ್ತಿ

ಕಲ್ಲರಸಿ ಗುಡ್ಡದ ಮೇಲೆ ಏಳು ಶಾಲೆಗಳಿದ್ದವು. ಒಂದರಲ್ಲಿ ವೈದ್ಯ ಕಲಿಯುತ್ತಿದ್ದರು, ಇನ್ನೊಂದರಲ್ಲಿ ಲೋಹ ಕರಗಿಸುತ್ತಿದ್ದರು. ಒಂದರಲ್ಲಿ ನಕ್ಷತ್ರ, ಒಂದರಲ್ಲಿ ಗಣಿತ. ಊರೂರು ಅಲೆದು ಅಜ್ಜಿಯರ ಹಾಡು ಕೂಡಿಸುವವರದ್ದೊಂದು ಶಾಲೆ. ಮಣ್ಣಿನಡಿ ಮುಚ್ಚಿಹೋದ ಹಳೆಯ ಊರುಗಳನ್ನು ಅಗೆದು, ಅಲ್ಲಿನ ಜನ ಹೇಗೆ ಬದುಕಿದ್ದರೆಂದು ಹುಡುಕುವವರದ್ದು ಇನ್ನೊಂದು. ಕೊನೆಯದು ಹುಳಹುಪ್ಪಟೆಗಳ ಶಾಲೆ. ಅಲ್ಲಿ ಮೀಸೆ ಬಂದ ಗಂಡಸರು, ಮದುವೆಯಾದ ಹೆಂಗಸರು ದಿನವಿಡೀ ಇರುವೆ ಸಾಲಿನ ಪಕ್ಕ ಕುಕ್ಕರುಗಾಲಲ್ಲಿ ಕೂತಿರುತ್ತಿದ್ದರು. ನಗಬೇಡಿ. ಊರವರೂ ಹೀಗೇ ನಗುತ್ತಿದ್ದರು.

ಈ ಏಳಕ್ಕೂ ಹಿರಿಯಳು ಮಾಳಬ್ಬೆ. ಅವಳು ನಕ್ಷತ್ರ ಓದಿದವಳು. ತಲೆ ಪೂರಾ ನರೆತಿತ್ತು, ಮಂಡಿ ನೋಯುತ್ತಿತ್ತು, ನಾಲಿಗೆ ಮಾತ್ರ ಚುರುಕಾಗಿತ್ತು. ಎಲ್ಲರೂ ಅವಳನ್ನು ಅಬ್ಬೆ ಎಂದೇ ಕರೆಯುತ್ತಿದ್ದರು.

ಗುಡ್ಡದಲ್ಲೊಂದು ಪದ್ಧತಿ ಇತ್ತು. ಮಧ್ಯಾಹ್ನ ಎಲ್ಲರೂ ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂರಬೇಕು, ಆದರೆ ಒಂದೇ ಶಾಲೆಯ ಇಬ್ಬರು ಅಕ್ಕಪಕ್ಕ ಕೂರುವಂತಿಲ್ಲ. ಎಲೆಗೆ ಅನ್ನ ಬಿದ್ದ ಮೇಲೂ ಕೈ ಹಾಕುವಂತಿಲ್ಲ. ತನಗೆ ಅಂದು ಏನು ತಿಳಿಯಿತು, ಏನು ತಿಳಿಯಲಿಲ್ಲ ಎಂದು ಪಕ್ಕದವರಿಗೆ ಮೊದಲು ಹೇಳಬೇಕು. ಪಕ್ಕದವರು ಒಂದು ಪ್ರಶ್ನೆ ಕೇಳಬೇಕು. ಕೇಳಿದವರಿಗೆ ಅರ್ಥವೇ ಆಗದಿದ್ದರೆ ಮತ್ತೆ ಮೊದಲಿಂದ ಹೇಳಬೇಕು. ದೊಡ್ಡ ದೊಡ್ಡ ಮಾತಾಡಿ ಮೆರೆಯುವ ಎಷ್ಟೋ ಪಂಡಿತರ ಸಾರು ಆ ಪಂಕ್ತಿಯಲ್ಲಿ ಆರಿ ತಣ್ಣಗಾಗಿದೆ.

ಆ ನಾಡಿನ ದೊರೆ ಕಾಂತರಸ. ಕೆಟ್ಟವನೇನಲ್ಲ. ಅವನಿಗಿದ್ದವಳು ಒಬ್ಬಳೇ ಮಗಳು, ಪದುಮಲೆ. ಆ ಮಗು ವರ್ಷದಿಂದ ಸೊರಗುತ್ತಿತ್ತು. ಹೊಟ್ಟೆ ಹಿಡಿದುಕೊಂಡು ಮುದುಡಿಕೊಳ್ಳುತ್ತಿತ್ತು, ಊಟ ಕಂಡರೆ ಮುಖ ತಿರುಗಿಸುತ್ತಿತ್ತು, ಆಡಲು ಕರೆದರೆ ಮಲಗುತ್ತೇನೆ ಅನ್ನುತ್ತಿತ್ತು. ಗುಡ್ಡದ ವೈದ್ಯ ಶಾಲೆಯ ಚಂದಲೆಯೇ ಅರಮನೆಗೆ ಹೋಗಿ ಔಷಧ ಕೊಡುತ್ತಿದ್ದಳು. ಯಾವುದೂ ನಾಟಲಿಲ್ಲ. ಅರಮನೆಯ ಕಾಯಿಲೆ ಹೊರಗೆ ಬಾಯಿಬಿಡಬಾರದು ಎಂದು ದೊರೆ ಕಟ್ಟಪ್ಪಣೆ ಮಾಡಿದ್ದ. ಹಾಗಾಗಿ ಚಂದಲೆ ಪಂಕ್ತಿಯಲ್ಲಿ ಕೂತರೂ ಬೇರೆ ಯಾರದ್ದೋ ಕೆಮ್ಮು, ಯಾರದ್ದೋ ಕುರು ಎಂದು ಏನಾದರೊಂದು ಹೇಳಿ ಊಟ ಮುಗಿಸುತ್ತಿದ್ದಳು.

ಮಗಳ ಸಂಕಟ ನೋಡಲಾರದೆ ದೊರೆಯ ತಲೆ ಕೆಟ್ಟಿತು. ಒಂದು ದಿನ ಮಾಳಬ್ಬೆಯನ್ನು ಕರೆಸಿದ.

"ಅಬ್ಬೆ, ನಾನು ಏಳು ಶಾಲೆಗೆ ಅಕ್ಕಿ ಹಾಕುತ್ತಿದ್ದೇನೆ. ಒಬ್ಬ ಆಕಾಶ ನೋಡುತ್ತಾನೆ, ಒಬ್ಬ ಒಡೆದ ಮಡಕೆ ಆರಿಸುತ್ತಾನೆ, ಒಬ್ಬಳು ಇರುವೆ ಹಿಂದೆ ಹೋಗುತ್ತಾಳೆ. ನನ್ನ ಮಗಳು ಇಲ್ಲಿ ಒದ್ದಾಡುತ್ತಿದ್ದಾಳೆ. ಇನ್ನು ಒಂದೇ ಶಾಲೆ ಸಾಕು. ಎಲ್ಲರೂ ವೈದ್ಯ ಕಲಿಯಲಿ, ಕಲಿಯದವರು ಮನೆಗೆ ಹೋಗಲಿ. ಒಂದು ಶಾಲೆಯ ಅಕ್ಕಿ ಮಾತ್ರ ಬರುತ್ತದೆ."

ಎದುರಿಗಿದ್ದವನು ದೊರೆ, ಅದೂ ನೊಂದ ತಂದೆ. ಆದರೂ ಮಾಳಬ್ಬೆ ಜಗ್ಗಲಿಲ್ಲ.

"ಅಕ್ಕಿ ನಿಮ್ಮದು ಮಹಾಪ್ರಭು, ಎಷ್ಟು ಬೇಕೋ ಅಷ್ಟು ಕಳಿಸಿ. ಯಾರಿಗೆ ಬಡಿಸಬೇಕು ಅನ್ನೋದು ನನಗೆ ಬಿಟ್ಟಿದ್ದು. ಬಾಗಿಲು ಮುಚ್ಚೋದು ನನ್ನಿಂದ ಆಗುವುದಿಲ್ಲ."

"ಆ ಆರು ಶಾಲೆಯಿಂದ ಏನು ಉಪಯೋಗ, ಅದನ್ನಾದರೂ ಹೇಳು."

"ಗೊತ್ತಿಲ್ಲ," ಅಂದಳು ಮಾಳಬ್ಬೆ. ಸುಳ್ಳು ಹೇಳಿ ತಪ್ಪಿಸಿಕೊಳ್ಳಬಹುದಿತ್ತು. ನಕ್ಷತ್ರ ನೋಡಿ ಯುದ್ಧ ಗೆಲ್ಲಿಸುತ್ತೇವೆ, ಹಾಡು ಹಾಡಿ ಮಳೆ ತರಿಸುತ್ತೇವೆ ಎಂದು ಬೊಗಳೆ ಬಿಡುವವರಿಗೆ ಆ ಕಾಲದಲ್ಲೂ ಬರವಿರಲಿಲ್ಲ. ಅವಳಿಗೆ ಅಂಥ ಮಾತು ಬಾಯಿಗೆ ಬರಲಿಲ್ಲ. "ಗೊತ್ತಿದ್ದರೆ ಯಾಕೆ ಹುಡುಕುತ್ತಿದ್ದರು ಪ್ರಭು? ಗೊತ್ತಿಲ್ಲದ್ದಕ್ಕೇ ಹುಡುಕುತ್ತಿದ್ದಾರೆ."

ದೊರೆಗೆ ಸಿಟ್ಟು ನೆತ್ತಿಗೇರಿತು. ಮರುದಿನದಿಂದ ಒಂದು ಶಾಲೆಯ ಅಕ್ಕಿಯೇ ಬಂತು. ಮಾಳಬ್ಬೆ ಅದರಲ್ಲೇ ಏಳು ಶಾಲೆಗೂ ಗಂಜಿ ಕಾಯಿಸಿದಳು. ಗಂಜಿ ಎಷ್ಟು ತೆಳುವಾಗಿತ್ತೆಂದರೆ ಎಲೆಯ ಮೇಲೆ ನಿಲ್ಲದು, ದೊನ್ನೆಯೇ ಬೇಕಾಯಿತು. ಪಂಕ್ತಿ ಮಾತ್ರ ತಪ್ಪಲಿಲ್ಲ. ಹಸಿದ ಹೊಟ್ಟೆಯಲ್ಲಿ ಕೂತು ಗಣಿತದವನಿಗೆ ಹಾಡಿನವಳು ಹೇಳಿದಳು, ಹಾಡಿನವಳಿಗೆ ಲೋಹದವನು ಹೇಳಿದ.

ವೈದ್ಯ ಶಾಲೆಯವರಿಗೆ ಬೇಜಾರಾಗಲಿಲ್ಲವೇ? ಆಗದೆ ಇರುತ್ತದೆಯೇ. ಚಂದಲೆ ಒಂದು ದಿನ ಬಂದು ಕೇಳಿಯೇ ಬಿಟ್ಟಳು. "ಅಬ್ಬೆ, ಈ ಅಕ್ಕಿ ನಮ್ಮ ಹೆಸರಿನಲ್ಲಿ ಬರುವುದು. ರೋಗಿ ನೋಡುವಾಗ ನನ್ನ ಕೈ ನಡುಗುತ್ತೆ. ಇರುವೆ ನೋಡುವವರಿಗೋಸ್ಕರ ನಾನು ಹಸಿದಿರಬೇಕಾ?"

"ಹೌದು," ಅಂದಳು ಮಾಳಬ್ಬೆ. "ಅವರಿಗೋಸ್ಕರವೇ. ನಾಳೆ ಅವರ ಹೆಸರಿನಲ್ಲಿ ಬಂದರೆ ಅವರೂ ಹೀಗೇ ಇರಬೇಕು."

ಚಂದಲೆ ಮುಖ ಸಿಂಡರಿಸಿಕೊಂಡು ಹೋದಳು. ಮಕ್ಕಳನ್ನು ಉಪವಾಸ ಕೆಡವಿ ನಾನು ಹಟ ಸಾಧಿಸುತ್ತಿದ್ದೇನೆಯೇ ಎಂದು ಮಾಳಬ್ಬೆಗೂ ಅನ್ನಿಸದಿರಲಿಲ್ಲ. ಆದರೆ ಆರು ಬಾಗಿಲಲ್ಲಿ ಯಾವುದನ್ನು ಮೊದಲು ಮುಚ್ಚಲಿ ಎಂದು ಯೋಚಿಸಿದಾಗೆಲ್ಲ ಕೈ ಹಿಂದೆ ಸರಿಯುತ್ತಿತ್ತು.

ಒಂದು ಶಾಲೆಯ ಅಕ್ಕಿಯಲ್ಲಿ ಏಳೂ ನಡೆಯುತ್ತಿರುವ ಸುದ್ದಿ ದೊರೆಗೆ ಮುಟ್ಟಿತು. ತನ್ನ ಕಣ್ಣಾರೆ ನೋಡಿ ಎಲ್ಲರನ್ನೂ ಓಡಿಸಿಬಿಡಬೇಕೆಂದು ಅವನೇ ಗುಡ್ಡ ಹತ್ತಿ ಬಂದ. ಚಂದಲೆ ಇನ್ನೊಮ್ಮೆ ನೋಡಲಿ ಎಂದು ಮಗಳನ್ನೂ ಪಲ್ಲಕ್ಕಿಯಲ್ಲಿ ಕರೆತಂದಿದ್ದ. ಅವರು ಬಂದಾಗ ಪಂಕ್ತಿ ಕೂತಿತ್ತು. ಪದುಮಲೆ ಪಲ್ಲಕ್ಕಿಯಿಂದ ಇಳಿದವಳೇ ತಾನೂ ಕೂರುತ್ತೇನೆ ಎಂದಳು. ಮಗು ತಾನಾಗಿ ಊಟಕ್ಕೆ ಕೂತದ್ದು ಎಷ್ಟೋ ತಿಂಗಳ ಮೇಲೆ. ದೊರೆ ಬೇಡ ಅನ್ನಲಾರದೆ ಹೋದ.

ಹಳೆಯೂರಿನ ಶಾಲೆಯ ಕೇತಣನ ಪಕ್ಕ ಜಾಗವಿತ್ತು, ಅಲ್ಲೇ ಕೂತಳು. ಮಾಳಬ್ಬೆ ಅವಳ ಮುಂದೆ ದೊನ್ನೆ ಇಟ್ಟು, "ಇಲ್ಲಿ ಹೇಳದೆ ಉಣ್ಣುವ ಹಾಗಿಲ್ಲ ಕಂದ. ಈಚೆಗೆ ನಿನಗೆ ಏನು ತಿಳಿಯಿತು, ಅದನ್ನು ಈ ಅಣ್ಣನಿಗೆ ಹೇಳು," ಅಂದಳು.

"ಅರಮನೆಯ ಮಾತು ಇಲ್ಲಿ ಆಡಕೂಡದು," ಎಂದ ದೊರೆ.

"ಹಾಗಾದರೆ ಮಗುವನ್ನು ಎಬ್ಬಿಸಿಕೊಂಡು ಹೋಗಿ ಪ್ರಭು. ಪಂಕ್ತಿಯಲ್ಲಿ ಕೂತವರಿಗೆಲ್ಲ ಒಂದೇ ಪದ್ಧತಿ."

ದೊರೆ ಬಾಯಿ ತೆರೆಯುವಷ್ಟರಲ್ಲಿ ಮಗುವೇ ಶುರುಮಾಡಿತು. "ನನಗೆ ಹೊಟ್ಟೆ ನೋಯುತ್ತೆ ಅಣ್ಣ. ಬಾಯಲ್ಲಿ ಯಾವಾಗಲೂ ತಂಬಿಗೆ ನೆಕ್ಕಿದ ಹಾಗಿರುತ್ತೆ. ಏನೂ ಸೇರಲ್ಲ. ಹುಣಸೆ ಗೊಜ್ಜು ಇದ್ದರೆ ಒಂದು ತುತ್ತು ತಿಂತೀನಿ."

ಈಗ ಕೇತಣ ಪ್ರಶ್ನೆ ಕೇಳಬೇಕು. ಅವನು ಮೂರು ಹೊತ್ತೂ ಹೂತುಹೋದ ಊರಿನ ಮಡಕೆ ಚೂರು ತೊಳೆಯುತ್ತಾ ಕೂರುವವನು. ಅವನಿಗೆ ಇನ್ನೇನು ಹೊಳೆಯಬೇಕು?

"ಆ ಗೊಜ್ಜನ್ನು ಯಾವ ಪಾತ್ರೆಯಲ್ಲಿಡುತ್ತಾರೆ ಪುಟ್ಟ?"

ಪಂಕ್ತಿಯಲ್ಲಿ ಎಲ್ಲರೂ ಕಿಸಕ್ಕೆಂದು ನಕ್ಕರು. ಮಗು ಸಾಯುವಂತಿದೆ, ಇವನಿಗೆ ಪಾತ್ರೆಯ ಚಿಂತೆ.

"ಹಸಿರು ಭರಣಿ," ಅಂದಳು ಪದುಮಲೆ. "ಕನ್ನಡಿ ಥರ ಹೊಳೆಯುತ್ತೆ. ಅಪ್ಪಾಜಿ ದೂರದಿಂದ ತರಿಸಿದ್ದು, ನನಗೆ ಅಂತ."

ಕೇತಣ ನಗಲಿಲ್ಲ. "ಹಳೆಯ ಊರಿನ ಸಿರಿವಂತರ ಮನೆಗಳಲ್ಲೂ ಹಸಿರು ಭರಣಿ ಸಿಗುತ್ತವೆ. ನೀರಿಟ್ಟ ಭರಣಿಯೊಳಗೆ ಹೊಳಪು ಹಾಗೇ ಇರುತ್ತೆ. ಹುಳಿ ಇಟ್ಟಿದ್ದರ ಒಳಗೆ ಹೊಳಪೇ ಇರಲ್ಲ, ತಿಂದು ಹಾಕಿದ ಹಾಗಿರುತ್ತೆ. ಆ ಹೊಳಪು ಎಲ್ಲಿಗೆ ಹೋಯಿತು ಅನ್ನೋದು ನನಗೆ ಇವತ್ತಿಗೂ ಬಗೆಹರಿದಿಲ್ಲ."

ಅವನ ಆಚೆ ಕೂತಿದ್ದ ಲೋಹ ಶಾಲೆಯ ಗೋವಣ ದೊನ್ನೆ ಕೆಳಗಿಟ್ಟ. "ಅಂಥ ಹೊಳಪಿಗೆ ಸೀಸ ಹಾಕ್ತಾರೆ ಮಾರಾಯ. ಸೀಸ ಕರಗಿಸುವ ನಮ್ಮವರಿಗೂ ಇದೇ ಥರ ಹೊಟ್ಟೆ ಹಿಂಡುತ್ತೆ."

ಚಂದಲೆ ಎದ್ದು ನಿಂತಳು. ಅವಳ ಮುಖ ಬಿಳಿಚಿಕೊಂಡಿತ್ತು. "ಆ ಸೀಸ ಹುಳಿಯಲ್ಲಿ ಕರಗಿ ಮಗುವಿನ ಹೊಟ್ಟೆಗೆ ಹೋಗಿದೆ," ಅಂದಳು. "ನಾನು ಔಷಧ ಕೊಟ್ಟಿದ್ದೂ ಅದೇ ಗೊಜ್ಜಿನಲ್ಲಿ ಕಲಸಿ. ಕಹಿ ಅಂತ ಮಗು ಉಗುಳುತ್ತಿತ್ತು, ಅದಕ್ಕೆ." ಹೇಳುತ್ತಾ ಹೇಳುತ್ತಾ ಅವಳ ಕಣ್ಣಲ್ಲಿ ನೀರು ಬಂತು. ಒಂದು ವರ್ಷ ಅವಳು ನಾಡಿ ನೋಡಿದ್ದಳು, ನಾಲಿಗೆ ನೋಡಿದ್ದಳು, ಭರಣಿ ನೋಡಿರಲಿಲ್ಲ. ಪಂಕ್ತಿಯಲ್ಲಿ ಒಮ್ಮೆ ಹೇಳಿದ್ದರೆ ಸಾಕಿತ್ತು. ಹೇಳದಂತೆ ಬಾಯಿಗೆ ಬೀಗ ಹಾಕಿದವನು ಅಲ್ಲೇ, ಕಂಬ ಹಿಡಿದು ನಿಂತಿದ್ದ.

ಅವತ್ತೇ ಭರಣಿಯನ್ನು ಒಡೆದು ಹೂತರು. ಚಂದಲೆ ಔಷಧವನ್ನೂ ಪಥ್ಯವನ್ನೂ ಬದಲಾಯಿಸಿದಳು. ಇಂಥ ವಿಷ ಒಂದೇ ದಿನದಲ್ಲಿ ಇಳಿಯುವುದಿಲ್ಲ. ಮಗು ಕೆಲವು ದಿನ ಮೇಲಾಗುತ್ತಿತ್ತು, ಮತ್ತೆ ಮಲಗುತ್ತಿತ್ತು. ತಿಂಗಳುಗಳು ಕಳೆದವು. ಕೊನೆಗೆ ಒಂದು ಬೆಳಿಗ್ಗೆ ಪದುಮಲೆ ಅರಮನೆಯ ಅಂಗಳದಲ್ಲಿ ಕುಂಟೆಬಿಲ್ಲೆ ಆಡಿದಳು. ದೊರೆ ಬಾಗಿಲಲ್ಲಿ ನಿಂತು ನೋಡಿ ಗೊಳೋ ಎಂದು ಅತ್ತುಬಿಟ್ಟ.

ಇಲ್ಲಿಗೆ ಕಥೆ ಮುಗಿಯಿತು ಅಂದುಕೊಂಡಿರಾ? ದೊರೆಯೂ ಹಾಗೇ ಅಂದುಕೊಂಡ.

ಗಾಡಿಗಟ್ಟಲೆ ಅಕ್ಕಿ ಹೇರಿಸಿಕೊಂಡು ಗುಡ್ಡಕ್ಕೆ ಬಂದ. ಮುಖ ಅರಳಿತ್ತು. "ಅಬ್ಬೆ, ನಾನು ಮಂಕನಾಗಿದ್ದೆ. ಒಂದೇ ಶಾಲೆ ಸಾಕು ಅಂದದ್ದು ತಪ್ಪು. ಯಾವುದು ಬೇಕು ಅಂತ ಈಗ ಗೊತ್ತಾಯಿತು. ವೈದ್ಯ, ಲೋಹ, ಹಳೆಯೂರು, ಈ ಮೂರೂ ಇರಲಿ. ಇವಕ್ಕೆ ಎರಡರಷ್ಟು ಅಕ್ಕಿ. ಉಳಿದ ನಾಲ್ಕನ್ನು ಮುಚ್ಚಿಬಿಡು."

ಮಾಳಬ್ಬೆಗೆ ಇಷ್ಟು ತಿಂಗಳು ತಡೆದಿಟ್ಟಿದ್ದ ಸಿಟ್ಟು ಆಗ ಬಂತು.

"ಗೋಣಿ ಇಳಿಸಬೇಡಿ," ಎಂದಳು ಗಾಡಿಯವರಿಗೆ. ಆಮೇಲೆ ದೊರೆಯ ಕಡೆ ತಿರುಗಿದಳು. "ಮಗಳು ಉಳಿದಳು, ನನಗೂ ಸಂತೋಷ. ಆದರೆ ನೀವು ಏನೂ ಕಲಿಯಲಿಲ್ಲ ಪ್ರಭು. ಮೊದಲು ಆರನ್ನು ಮುಚ್ಚು ಅಂದಿರಿ, ಈಗ ನಾಲ್ಕನ್ನು ಮುಚ್ಚು ಅಂತೀರಿ. ಅವತ್ತು ನಿಮ್ಮ ಮಾತು ಕೇಳಿದ್ದರೆ ಕೇತಣ ಊರಿಗೆ ಹೋಗಿ ಎಮ್ಮೆ ಕಾಯುತ್ತಿದ್ದ. ಇವತ್ತು ಕೇಳಿದರೆ ಇನ್ಯಾರು ಹೋಗ್ತಾರೋ, ಅವರ ಜೊತೆ ಏನು ಹೋಗುತ್ತೋ, ನನಗೂ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ. ಮುಚ್ಚುವುದಿಲ್ಲ."

"ಇದು ದೊರೆಯ ಅಪ್ಪಣೆ."

"ಆಗಲಿ. ಆಗುವುದಿಲ್ಲ ಅನ್ನೋದು ನನ್ನ ಉತ್ತರ."

ದೊರೆ ಅವಳನ್ನು ಬಿಟ್ಟು ಕೇತಣನ ಕಡೆ ನೋಡಿದ. "ನೀನಾದರೂ ಬಾ. ನಿನ್ನ ಶಾಲೆಗೆ ಅರಮನೆಯ ಪಕ್ಕದಲ್ಲೇ ಕಟ್ಟಡ ಕಟ್ಟಿಸುತ್ತೇನೆ."

ಕೇತಣ ಕೈಮುಗಿದ. ಅವನ ಮೈಯ ಎಲುಬು ಎಣಿಸಬಹುದಿತ್ತು, ಆದರೂ ಹೇಳಿದ. "ಬೇಡ ಪ್ರಭು. ನನ್ನ ಪಕ್ಕ ಗೋವಣ ಕೂತಿಲ್ಲದಿದ್ದರೆ ನನ್ನ ಭರಣಿ ಬರೀ ಭರಣಿಯಾಗಿಯೇ ಇರುತ್ತಿತ್ತು. ನಾಳೆ ನನ್ನ ಪಕ್ಕ ಯಾರು ಕೂರಬೇಕೋ ಯಾರಿಗೆ ಗೊತ್ತು?"

ಚಂದಲೆಯೂ ಮುಂದೆ ಬಂದಳು. ಇರುವೆಯವರಿಗಾಗಿ ಹಸಿದಿರಬೇಕೇ ಎಂದು ಕೇಳಿದವಳು ಇವಳೇ. "ನಮಗೂ ಬೇಡ. ಮಗುವಿನ ಔಷಧ ಮಾತ್ರ ನಿಲ್ಲುವುದಿಲ್ಲ, ದಿನಾ ಬಂದು ಕೊಡುತ್ತೇನೆ. ಅದಕ್ಕೂ ನಿಮ್ಮ ಅಕ್ಕಿಗೂ ಸಂಬಂಧವಿಲ್ಲ."

"ಹಸಿದು ಸಾಯ್ತೀರಿ," ಎಂದ ದೊರೆ.

"ಸಾಯೋದಿಲ್ಲ," ಅಂದಳು ಮಾಳಬ್ಬೆ. "ಇನ್ನಷ್ಟು ತೆಳ್ಳಗಾಗ್ತೀವಿ, ಅಷ್ಟೇ."

ದೊರೆ ಸುತ್ತ ನೋಡಿದ. ಇರುವೆ ಶಾಲೆಯ ಸೋವಲೆ ಮಂಡಿಯ ಮಣ್ಣು ಕೊಡವುತ್ತಾ ನಿಂತಿದ್ದಳು. ಎಲ್ಲರಿಗಿಂತ ಬಡಕಲು ಹುಡುಗಿ, ಇಡೀ ನಾಡು ಆಡಿಕೊಂಡು ನಗುತ್ತಿದ್ದದ್ದೂ ಅವಳನ್ನೇ. ದೊರೆ ಅವಳನ್ನು ಕರೆದು, ಸೋತರೂ ಬಿಡದ ದನಿಯಲ್ಲಿ ಕೇಳಿದ.

"ನೀನೇ ಹೇಳಮ್ಮ, ಧೈರ್ಯವಾಗಿ ಹೇಳು. ನೀನು ಆ ಇರುವೆಗಳನ್ನು ನೋಡುತ್ತಾ ಕೂರುವುದರಿಂದ ನನ್ನ ನಾಡಿಗೆ ಏನು ಉಪಯೋಗ?"

ಸೋವಲೆ ತಲೆ ಎತ್ತಿದಳು.

"ಗೊತ್ತಿಲ್ಲ ಪ್ರಭು. ಹೋದ ವರ್ಷ ನೀವು ಕೇತಣಣ್ಣನನ್ನು ಕೇಳಿದ್ದರೆ ಅವನೂ ಇದನ್ನೇ ಹೇಳುತ್ತಿದ್ದ."

ದೊರೆಗೆ ಅಂಗಳದಲ್ಲಿ ಕುಂಟೆಬಿಲ್ಲೆ ಆಡುತ್ತಿದ್ದ ಮಗಳು ನೆನಪಾದಳು. ತನ್ನ ಒಂದೇ ಅಪ್ಪಣೆಗೆ ಈ ಮುದುಕಿ ಅವತ್ತು ಹೂಂ ಅಂದಿದ್ದರೆ ಆ ಅಂಗಳ ಇವತ್ತು ಖಾಲಿ ಇರುತ್ತಿತ್ತು. ಅವನು ತಲೆ ತಗ್ಗಿಸಿದ.

ಗಾಡಿಯವರ ಕಡೆ ತಿರುಗಿ, "ಗೋಣಿ ಇಳಿಸಿ," ಎಂದ. ಗಾಡಿಯವನು ಮೊದಲ ಗೋಣಿಯನ್ನು ಬೆನ್ನಿಗೇರಿಸಿಕೊಂಡು, ಯಾವ ಶಾಲೆಗೆ ಹಾಕಲಿ ಎಂದು ಕೇಳಿದ. ದೊರೆ ಮಾಳಬ್ಬೆಯ ಮುಖ ನೋಡಿದ.

"ಅಡುಗೆಮನೆಗೆ ಹಾಕಪ್ಪ," ಅಂದಳು ಮಾಳಬ್ಬೆ. "ಏಳು ಶಾಲೆಗೂ ಇರುವುದು ಒಂದೇ ಒಲೆ."

ನೀತಿ: ಯಾವ ತಿಳಿವಳಿಕೆ ಯಾವಾಗ ಯಾರ ಜೀವಕ್ಕೆ ಒದಗುತ್ತದೆ ಎಂದು ಮೊದಲೇ ಹೇಳಬಲ್ಲವರು ಹುಟ್ಟಿಲ್ಲ. ಆದ್ದರಿಂದ "ಇದರಿಂದ ಏನು ಉಪಯೋಗ" ಎಂದು ಕೇಳಿ ಯಾವ ಹುಡುಕಾಟದ ಬಾಗಿಲನ್ನೂ ಮುಚ್ಚಬಾರದು. ಮುಚ್ಚು ಎಂದು ದೊರೆಯೇ ಬಂದು ನಿಂತರೂ, ಕೈಮುಗಿದು, ತಲೆ ಎತ್ತಿ, "ಆಗುವುದಿಲ್ಲ" ಎನ್ನಬೇಕು.