ಒಂದೇ ಗಲ್ಲದ ನಗು

ಕರಿಗುಡ್ಡದ ಗವಿಯಲ್ಲಿ ಪೂಜ್ಯ ಗುರುಪಾದಜ್ಜನವರು ವಾಸವಾಗಿದ್ದ ಕಾಲವದು. ಹಾಸಲು ಒಂದು ಕಂಬಳಿ, ಕುಡಿಯಲು ಒಂದು ತಂಬಿಗೆ. ಇನ್ನೊಂದು ಬೇಕೆಂದು ಬಾಯಿ ಬಿಟ್ಟವರಲ್ಲ. ಒಳಗೆ ಕರಿಕಲ್ಲಿನ ಗವಿಯಮ್ಮ, ಅವಳ ಮುಂದೆ ಹುಣಸೆಬೀಜದಷ್ಟು ಉರಿಯುವ ಒಂದೇ ನಂದಾದೀಪ. ಹೊರಗಿನ ಸುಡುಬಿಸಿಲಿನಿಂದ ಬಂದವರಿಗೆ ತಮ್ಮ ಕೈಯೇ ತಮಗೆ ಕಾಣುತ್ತಿರಲಿಲ್ಲ. ಜನ ಕತ್ತಲೆಗೇ ಕೈಮುಗಿದು ಹಿಂದಕ್ಕೆ ಹೊರಳುತ್ತಿದ್ದರು.

ಬಾಗಿಲಲ್ಲಿ ಹೂ ಮಾರುವ ತಿಪ್ಪವ್ವನದೂ ಅದೇ ಪಾಡು. ದಿನದ ಮೊದಲ ಮಾಲೆಯನ್ನು ದೇವಿಗೆ ಇಟ್ಟವಳೇ, ಗಿರಾಕಿ ತಪ್ಪೀತೆಂದು ಓಡುವಳು. ಮಗಳು ಸಾವಂತ್ರಿ ಮಾತ್ರ ತಂಪಿಗೆಂದು ಮಧ್ಯಾಹ್ನವೆಲ್ಲ ಒಳಗಿನ ಕಂಬಕ್ಕೆ ಒರಗಿ ಕೂತಿರುತ್ತಿದ್ದಳು.

"ಅವ್ವಾ, ದೇವಿ ಒಂದೇ ಗಲ್ಲದಾಗ ನಗ್ತಾಳ. ಬಾ, ತೋರಸ್ತೀನಿ" ಎಂದು ಸೆರಗು ಜಗ್ಗುವಳು.

"ನಾಳಿ ನೋಡೂಣ, ಹೋಗು."

ಏಳು ವರ್ಷದ ಆ ಕೂಸನ್ನು ಕಾಮಾಲೆ ಒಯ್ದಿತು. ನಾಳೆ ಹಾಗೆಯೇ ಉಳಿಯಿತು.

ಮಗಳು ಕಂಡ ನಗುವನ್ನಾದರೂ ಒಮ್ಮೆ ಕಾಣಬೇಕೆಂದು ತಾಯಿಯ ಕರುಳು ಹಂಬಲಿಸಿತು. ಹೋಗಿ ಇಣುಕಿದಳು, ಕತ್ತಲೆ. ಮರುದಿನವೂ ಕತ್ತಲೆ. ಮೂರನೆಯ ದಿನ ಕಂದೀಲು ಹಿಡಿದೇ ಬಂದಳು.

"ದೇವರನ್ನ ಕತ್ತಲದಾಗ ಬಚ್ಚಿಟ್ಟು ಕುಂತೀರಲ್ಲ ಅಜ್ಜಾ! ಇನ್ನೊಂದು ದೀಪ ಹಚ್ಚಿದರ ನಿಮ್ಮ ಗುಡ್ಡ ಕರಗತೈತೇನು?"

ಅಜ್ಜನವರು ನಕ್ಕರು. "ಹಚ್ಚವ್ವಾ."

ಹಚ್ಚಿದಳು. ವರ್ಷಾನುಗಟ್ಟಲೆ ಎಣ್ಣೆ ಕುಡಿದು ಕನ್ನಡಿಯಂತಾಗಿದ್ದ ಮೂರ್ತಿಯ ಕಲ್ಲು ಝಗ್ಗೆಂದಿತು.

"ಏನು ಕಂಡಿತು?"

"ಬರೇ ಕಂದೀಲು, ಅಜ್ಜಾ..."

"ಅದನ್ನ ಶಾಂತ ಮಾಡಿ ಕೂಡು, ತಾಯಿ. ನಿನ್ನ ಕಣ್ಣಾಗ ಇನ್ನೂ ಬಿಸಿಲೈತಿ. ಆ ಕಂಬಕ್ಕ ಒರಗು; ನಿನ್ನ ಕೂಸಿನ ಜಾಗ ಅದು."

ಕಂದೀಲು ಆರಿಸಿ ಕೂತಳು. ಹೊರಗೆ ಗಿರಾಕಿ ಕೂಗಿದರು, ಏಳಲಿಲ್ಲ. ಕಂಬದ ತಂಪು ಬೆನ್ನಿಗೆ ಹತ್ತಿತು. ಬಹಳ ಹೊತ್ತಿನ ಮೇಲೆ ಮೂಗುತಿಯ ಅಂಚು ಕಂಡಿತು. ಆಮೇಲೆ ಹುಬ್ಬು. ಕಡೆಗೆ ಎಡಗಲ್ಲದಲ್ಲಿ, ಶಿಲ್ಪಿಯ ಉಳಿ ಜಾರಿ ಆಗಿತ್ತೋ ಏನೋ, ಒಂದು ಸಣ್ಣ ಕುಳಿ. ಅಷ್ಟರಿಂದಲೇ ಮುಖವೆಲ್ಲ ನಗುತ್ತಿತ್ತು.

"ಖರೇ ಐತೆವ್ವಾ, ಒಂದೇ ಗಲ್ಲದಾಗ" ಎಂದಳು ತಿಪ್ಪವ್ವ, ಪಕ್ಕದಲ್ಲಿ ಕೂತವಳಿಗೆ ಹೇಳುವಂತೆ. ಅಜ್ಜನವರು ದೀಪಕ್ಕೆ ಎಣ್ಣೆ ಎರೆದರು.

ಕಂದೀಲು ಗವಿಯ ಗೂಟದಲ್ಲೇ ಉಳಿಯಿತು. ಅಂದಿನಿಂದ ಹೂ ಕೊಡುವಾಗ ತಿಪ್ಪವ್ವ ಒಂದು ಮಾತನ್ನೂ ಸೇರಿಸಿ ಕೊಡುತ್ತಿದ್ದಳು: "ಹೋದ ಕೂಡಲೇ ಹೊರಳಬ್ಯಾಡ್ರಿ. ಒಂದೀಟು ಕೂಡ್ರಿ." ದಿನಾ ಮಧ್ಯಾಹ್ನ ಬುಟ್ಟಿಗೆ ಒದ್ದೆ ಬಟ್ಟೆ ಹೊದಿಸಿ ತಾನೂ ಒಳಗೆ ಹೋಗುವಳು. ಕಂಬಕ್ಕೆ ಒರಗುವಾಗ, ಪಕ್ಕದಲ್ಲಿ ಒಂದು ಕೂಸಿನಷ್ಟು ಜಾಗ ಬಿಟ್ಟೇ ಕೂಡುವಳು.