ಹೆಬ್ಬಾಗಿಲ ಗೂಡುಗಳು

ಗುಂಡದುರ್ಗದ ಊರೂರಲ್ಲಿ ಡಂಗುರ ಸಾರಿದರು: "ಕೇಳ್ರಪ್ಪೋ ಕೇಳಿ! ದೊರೆ ರಣಮಲ್ಲರು ಕಟ್ಟಿದ ಹೆಬ್ಬಾಗಿಲು ಮುಗೀತಾ ಬಂದಿದೆ. ಅದರ ಮುಂದೆ ನಿಂತು ದೊರೆಯ ಮೂರು ಒಗಟು ಬಿಡಿಸಿದವನಿಗೆ ಅರ್ಧ ಸೀಮೆ. ತಪ್ಪಿದವನಿಗೆ ಅದೇ ಬಾಗಿಲ ಗೋಡೆಯೊಳಗೆ ಜಾಗ!"

ಅರ್ಧ ಸೀಮೆಯ ಮಾತು ಎಲ್ಲರ ಕಿವಿಗೂ ಬಿತ್ತು. ಗೋಡೆಯ ಮಾತು ಬರುವಷ್ಟರಲ್ಲಿ ಅರ್ಧ ಜನ ಒಳ್ಳೆಯ ಪಂಚೆ ಹುಡುಕಲು ಹೋಗಿಯಾಗಿತ್ತು.

ಗೋಡೆಯ ಮಾತು ನೆಟ್ಟಗೆ ಕೇಳಿಸಿದ್ದು ಗಾರೆ ಕೆಲಸದ ದ್ಯಾವನಿಗೆ. ಅವನಪ್ಪ ಮಾಳಪ್ಪನೇ ಬಾಗಿಲ ಮೇಸ್ತ್ರಿ. "ಬುದ್ಧೀ, ಕಮಾನು ನಿಲ್ಲೋದು ಈ ಎರಡು ಕಾಲಿನ ಮೇಲೆ. ಮನುಷ್ಯರನ್ನ ಹಾಕೋಕೆ ಗೂಡು ಕೊರೆದು ಅವನ್ನ ಟೊಳ್ಳು ಮಾಡಬೇಡಿ. ಉಸಿರಾಡೋ ಮನುಷ್ಯನ ಮುಂದೆ ನಾನು ಇಟ್ಟಿಗೆ ಇಡೋನೂ ಅಲ್ಲ," ಎಂದು ಅವನು ಗಾರೆ ಹಚ್ಚುವ ಕರಣೆಯನ್ನು ಕೆಳಗಿಟ್ಟಿದ್ದ.

ದೊರೆ ಅವನನ್ನು ಅಂಗಳದ ಕಂಬಕ್ಕೆ ಕಟ್ಟಿಸಿ ದ್ಯಾವನತ್ತ ತಿರುಗಿದ. "ನೀನು ಇಡ್ತೀಯ. ಮೂರನೆಯ ಸಂಜೆಯೊಳಗೆ ಯಾರೂ ಗೆಲ್ಲದಿದ್ದರೆ ಕೊನೆಯ ಗೂಡು ನಿಮ್ಮಪ್ಪನಿಗೆ. ನೀನೂ ಆಗಲ್ಲ ಅಂದರೆ ಮೊದಲನೆಯದೇ ಅವನಿಗೆ."

ದ್ಯಾವ ಕರಣೆ ಎತ್ತಿಕೊಂಡ.

ಮೊದಲ ದಿನ ಬಂದವನು ನೆರೆಸೀಮೆಯ ಯುವರಾಜ. ದೊರೆ ಕೇಳಿದ: "ಮನೆಯ ಜೊತೆಜೊತೆಗೇ ಅದನ್ನೂ ಕಟ್ಟಬೇಕು. ಮನೆ ಎದ್ದು ನಿಂತ ದಿನ ಅದನ್ನು ಬಿಚ್ಚಿ ಬಿಸಾಡಬೇಕು. ಅದಿಲ್ಲದೆ ಮನೆ ಮೇಲೇಳಲ್ಲ. ಏನದು?"

"ಚಪ್ಪರ!"

"ಮದುವೆಯ ಗುಂಗಿನಲ್ಲಿದ್ದೀಯ. ಚಪ್ಪರ ಹಾಕಿದರೆ ಗೋಡೆ ಏಳುತ್ತೇನಯ್ಯ? ಹಾಕಿ ಒಳಗೆ."

ದ್ಯಾವನಿಗೆ ಉತ್ತರ ಗೊತ್ತಿತ್ತು. ಅದರ ಮೇಲೆಯೇ ನಿಂತಿದ್ದ. ಮುಂದಿನ ಎರಡು ಒಗಟು ಏನೆಂದು ಗೊತ್ತಿರಲಿಲ್ಲ. ಬಾಯಿ ಮುಚ್ಚಿಕೊಂಡು ಕೆಳಗಿಳಿದು ಇಟ್ಟಿಗೆ ಇಟ್ಟ. ಎದೆಮಟ್ಟಕ್ಕೆ ಬಂದಾಗ ಯುವರಾಜ, "ಅಣ್ಣಾ, ಗಾರೆ ತೆಳ್ಳಗೆ ಹಚ್ಚು," ಎಂದು ಪಿಸುಗುಟ್ಟಿದ. ದ್ಯಾವ ಒಮ್ಮೆ ಕಾವಲುಗಾರನ ಮುಖ ನೋಡಿದ. ದಪ್ಪಗೇ ಹಚ್ಚಿದ.

ಎರಡನೆಯ ದಿನ ಆಸ್ಥಾನದ ಪಂಡಿತ ಬಂದ. "ಆಳುಗಳು ನಿಂತು ಗೋಡೆ ಕಟ್ಟುವ ಸಾರುವೆ," ಎಂದು ಮೊದಲನೆಯದನ್ನು ಗೆದ್ದ. ಜನ ಹೋ ಎಂದರು. ಎಡಗಡೆಯ ಗೂಡಿನೊಳಗಿಂದ ಗೋಡೆ ಬಡಿಯುವ ಸದ್ದು ಇನ್ನೂ ಬರುತ್ತಿತ್ತು.

ದೊರೆ ಎರಡನೆಯದನ್ನು ಕೇಳಿದ: "ಕೊರಳಿಗೆ ಹಗ್ಗ ಬಿಗಿದು ತೂಗುಹಾಕಿದರೂ ಅದು ಸಾಯಲ್ಲ. ಕಣ್ಣಿಲ್ಲ, ಆದರೂ ಸೊಟ್ಟಗಿರುವುದು ಅದರಿಂದ ತಪ್ಪಿಸಿಕೊಳ್ಳಲ್ಲ. ಏನದು?"

"ಧರ್ಮ, ಮಹಾಪ್ರಭು!"

"ನನ್ನ ಸೀಮೆಯಲ್ಲಿ ಅದು ಯಾವತ್ತೋ ಸತ್ತಿದೆಯಲ್ಲ ಪಂಡಿತರೇ," ಎಂದ ದೊರೆ. ಬಲಗಡೆಯ ಗೂಡೂ ಮುಚ್ಚಿತು. ಅದರ ಪಕ್ಕದ ಕೊನೆಯದೊಂದು ಉಳಿಯಿತು.

ಮೂರನೆಯ ದಿನ ಯಾರೂ ಬರಲಿಲ್ಲ. ಹೊತ್ತು ಇಳಿಯುವಾಗ ಕಾವಲಿನವರು ಮಾಳಪ್ಪನ ಕಟ್ಟು ಬಿಚ್ಚಲು ಹೊರಟರು. ಗೂಡುಗಳ ಸದ್ದು ಆಗಲೇ ನಿಂತಿತ್ತು.

"ನಾನು ಹೇಳ್ತೀನಿ ಬುದ್ಧೀ," ಎಂದು ದ್ಯಾವ ಮುಂದೆ ಬಂದ. "ಮೊದಲನೆಯದು ಸಾರುವೆ. ಎರಡನೆಯದು ಇದು." ಸೊಂಟದಿಂದ ತೂಗುಗುಂಡನ್ನು ತೆಗೆದು ದಾರ ಹಿಡಿದು ಇಳಿಬಿಟ್ಟ. "ಗೋಡೆ ಸೊಟ್ಟಗಿದ್ದರೆ ಇದು ತೋರಿಸಿಕೊಡುತ್ತೆ."

ದೊರೆ ನಗುತ್ತಾ ಮೂರನೆಯದನ್ನು ಕೇಳಿದ: "ಈ ಬಾಗಿಲು ಕಟ್ಟಿದವನು ಯಾರು?"

ದೊರೆ ಅಂದರೆ ಸುಳ್ಳು. ಅಪ್ಪ ಅಂದರೆ ದ್ರೋಹ. ಎರಡಕ್ಕೂ ಗೂಡೇ.

"ಅದನ್ನ ಬಾಯಲ್ಲಿ ಹೇಳಲ್ಲ ಬುದ್ಧೀ," ಎಂದ ದ್ಯಾವ. "ನಮ್ಮಲ್ಲೊಂದು ಪದ್ಧತಿ. ಕಮಾನು ಹೊತ್ತಿರೋ ಮರದ ಆಸರೆಯನ್ನ ಕಳಚುವಾಗ ಅದರಡಿ ಯಾರು ನಿಲ್ತಾರೋ ಅವರೇ ಕಟ್ಟಿದವರು. ಬೇರೆಯವರಿಗೆ ಅಷ್ಟು ಧೈರ್ಯ ಇರಲ್ಲ."

ಜನ ದೊರೆಯ ಕಡೆ ನೋಡಿದರು. ಕಮಾನಿನ ನೆತ್ತಿಗಲ್ಲಿನ ಮೇಲೆ ಅವನ ಹೆಸರನ್ನು ಕೆತ್ತಿಯಾಗಿತ್ತು.

"ನಿಲ್ಲಬೇಡಿ ಬುದ್ಧೀ!" ಕಂಬದಿಂದ ಮಾಳಪ್ಪ ಕೂಗಿದ. "ಕಾಲು ಟೊಳ್ಳಾಗಿದೆ! ಬೀಳುತ್ತೆ!"

"ನೀನು ನಿಂತು ಹೆಸರು ಹೊಡ್ಕೊಳ್ಳೋಣ ಅಂತಲೋ?" ಎಂದ ದೊರೆ. ಶಾಲು ಕೊಡವಿ, ಹೋಗಿ ನಡುಮಧ್ಯ ನಿಂತ.

ದ್ಯಾವ ಆಸರೆಯ ಬೆಣೆಗೆ ಹಗ್ಗ ಕಟ್ಟಿ ದೂರದಿಂದ ಎಳೆದ. ಆಸರೆ ಕಳಚಿತು. ಕಮಾನು ಒಂದು ಉಸಿರಿನಷ್ಟು ಹೊತ್ತು ನಿಂತಿತು. ಆಮೇಲೆ ಗೂಡು ಕೊರೆದ ಕಾಲುಗಳೆರಡೂ ಕುಸಿದವು.

ಧೂಳು ಇಳಿದ ಮೇಲೆ ಉಪ್ಪರಿಗೆಯಿಂದ ರಾಣಿ ಬಗ್ಗಿ ನೋಡಿದಳು. ಕಣ್ಣಲ್ಲಿ ಹನಿಯಿಲ್ಲ. "ಸಾರಿದ್ದು ಸಾರಿದ್ದೇ. ಅರ್ಧ ಸೀಮೆ ಇವನಿಗೆ. ಮೇಸ್ತ್ರಿಯನ್ನು ಬಿಡಿ," ಎಂದು ಒಳಗೆ ಹೋದಳು.

ದ್ಯಾವ ಓಡಿಹೋಗಿ ಅಪ್ಪನ ಹಗ್ಗ ಬಿಚ್ಚಿದ. ಮಾಳಪ್ಪ ಮಣಿಕಟ್ಟು ಉಜ್ಜಿಕೊಳ್ಳುತ್ತಾ ಕೇಳಿದ, "ಬೀಳುತ್ತೆ ಅಂತ ಗೊತ್ತಿತ್ತೇನೋ?"

"ಗೊತ್ತಿತ್ತಪ್ಪ."

"ಮೊದಲನೆಯ ಒಗಟು? ಆ ಹುಡುಗ ಚಪ್ಪರ ಅಂದಾಗಲೇ ಗೊತ್ತಿತ್ತಾ?"

ದ್ಯಾವ ಕರಣೆಗೆ ಅಂಟಿದ್ದ ಗಾರೆಯನ್ನು ಕೆರೆಯತೊಡಗಿದ.

ಮಾಳಪ್ಪ ಇಟ್ಟಿಗೆಯ ರಾಶಿಯತ್ತ ನೋಡಿದ. ಅದರೊಳಗಿಂದ ಯುವರಾಜನ ಕೈಯೊಂದು ಹೊರಚಾಚಿತ್ತು. ಉಗುರುಗಳು ಸವೆದುಹೋಗಿದ್ದವು. "ಕಮಾನು ಕಟ್ಟಿದವನು ನಾನು. ಗೂಡಿನ ಬಾಯಿ ಕಟ್ಟಿದವನು ಯಾರು?"

"ನಾನೇ ಅಪ್ಪ. ನಿನ್ನ ಜೀವ ಉಳಿಸೋಕೆ."

"ಹೂಂ. ಉಳೀತು." ಮಾಳಪ್ಪ ಕೈ ಚಾಚಿದ. "ಅರ್ಧ ಸೀಮೆ ನೀನೇ ಇಟ್ಕೋ. ಕರಣೆ ಕೊಡು."

ದ್ಯಾವ ಕೊಟ್ಟ. ಅರ್ಧ ಸೀಮೆಯನ್ನು ಅವನು ನಲವತ್ತು ವರ್ಷ ಆಳಿದ, ಡೇರೆಯಲ್ಲಿ ಮಲಗಿ. ಗೋಡೆಯ ಪಕ್ಕ ಅವನಿಗೆ ನಿದ್ದೆ ಹತ್ತುತ್ತಿರಲಿಲ್ಲವಂತೆ.