ಎಣ್ಣೆ ಬಿಡದ ತಟ್ಟೆ

ಯಾರ್ಗೂ ಹೇಳಲ್ಲ ಅಂತ ನನ್ ಮೇಲೆ ಆಣೆ ಇಡ್ರೀ, ಹೇಳ್ತೀನಿ. ರೇಸ್ ಕಾರಿನ ಇಂಜಿನ್ ಕೆಳಗಿನ ತಟ್ಟೆಗೆ ಒಂದೇ ಹೊಟ್ಟೆಕಿಚ್ಚು. ಅವಳೊಳಗೆ ಸುರಿಯೋ ಎಣ್ಣೆನೆಲ್ಲ ಪಂಪಣ್ಣ ಹೀರಿ ಹಿಂದಿನ ಟ್ಯಾಂಕಕ್ಕನಿಗೆ ಕೊಡ್ತಾನೆ. ಇಂಜಿನ್ ರಾಡನ್ನ ಹಿಡಿದಿರೋ ಬೇರಿಂಗಕ್ಕ ಕುಡಿಯೋದು ಆ ಟ್ಯಾಂಕಿಂದ.

"ಹಿಡಿಯೋಳು ನಾನು, ಕೂಡಿಡೋಳು ಅವ್ಳಾ? ಇವತ್ತು ನನ್ನಲ್ಲೇ ಇರ್ಲಿ ಬಿಡಣ್ಣ," ಅಂತ ಪಂಪಣ್ಣನ ಮುಂದೆ ಅತ್ಲು ತಟ್ಟೆ.

"ತಿರುವಲ್ಲಿ ಎಣ್ಣೆ ನಿನ್ ಮಾತು ಕೇಳಲ್ಲ ತಂಗಿ," ಅಂದ ಪಂಪಣ್ಣ. ಆದ್ರೂ ಅವಳ ಅಳು ನೋಡಿ ಹೀರೋದು ಬಿಟ್ಟ.

ಟ್ಯಾಂಕು ಬರಿದಾಯ್ತು. ತಿರುವು ಬಂತು, ಎಣ್ಣೆಯೆಲ್ಲ ತಟ್ಟೆಯ ಒಂದು ಗೋಡೆಗೆ ಓಡ್ತು.

"ತಂಗೀ, ಒಂದ್ ಹನಿ!" ಬೇರಿಂಗಕ್ಕ ಕಿರುಚಿದ್ಲು. ಪಂಪಣ್ಣ ಮತ್ತೆ ಹೀರೋಕೆ ಹೋದ, ಬಂದಿದ್ದು ಬರೀ ಗಾಳಿ.

"ತುಂಬಾ ಇದೆ ಅಕ್ಕಾ, ಪಂಪಣ್ಣನ ಬಾಯಿಗೇ ಸಿಗ್ತಿಲ್ಲ!"

ಬೇರಿಂಗಕ್ಕ ಸುಟ್ಟೋದ್ಲು. ಮುರಿದ ರಾಡು ತಟ್ಟೆಯ ಹೊಟ್ಟೆನೇ ತೂತು ಮಾಡ್ತು. ಎಣ್ಣೆಯೆಲ್ಲ ರಸ್ತೆ ಪಾಲು. ಇನ್ನು ಪಂಪಣ್ಣ...

ಶ್, ಸುಮ್ನಿರಿ! ಗ್ಯಾರೇಜ್ ಬಾಗ್ಲಿಗೆ ಹೊಸ ತಟ್ಟೆ ಬಂದ್ಲು. ಆಗ್ಲೇ ಟ್ಯಾಂಕಕ್ಕನ್ನ ಕೆಕ್ಕರಿಸಿ ನೋಡ್ತಾವ್ಳೆ.